ಸೆಕೆಂಡ್ ಹ್ಯಾಂಡ್ ಎಂದ ತಂದೆ

ಒಂದು ಊರಿನ ಶ್ರೀಮಂತನ ಮಗಳು ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಪಡಸಾಲೆಯಲ್ಲಿ ಅವಳನ್ನು ನೋಡಲು ಬಂದವರು ಕೂತಿದ್ದರು. ಮದುವೆಯಾದ ವರ್ಷದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅವಳು. ಇನ್ನೊಮ್ಮೆ ಸಂಸಾರ ಕಟ್ಟುವ ಆಸೆ ಅವಳಲ್ಲಿ ಇತ್ತು. ಇರಬಾರದೇ?

ತಂದೆ ಹಳೆಯ ಟ್ರ್ಯಾಕ್ಟರು ಕೊಂಡು ಮಾರುವವನು. ನೋಡಿ, ವ್ಯಾಪಾರದಲ್ಲಿ ಅವನ ಬಾಯಿ ಎಷ್ಟು ಸಿಹಿ. ಗಿರಾಕಿ "ಸೆಕೆಂಡ್ ಹ್ಯಾಂಡ್ ಅಲ್ಲೇನ್ರಿ?" ಎಂದು ಮೂಗು ಮುರಿದರೆ, "ಹಂಗ ಅನಬ್ಯಾಡ್ರಿ ಗೌಡ್ರ. ಒಬ್ಬರ ಕೈಯಾಗ ಓಡೇತಿ, ಮನಿ ಮಗಳಂಗ ನೋಡ್ಕೊಂಡಾರ" ಎನ್ನುತ್ತಿದ್ದ.

ಅಂಥವನು ಅವತ್ತು ಏನಂದ?

"ಹುಡುಗಿಗೆ ಒಂದ್ಸಲ ಮದುವಿ ಆಗೇತಿ. ನಮ್ಮ ಮಂದಿ ಏನಂತಾರೋ" ಎಂದು ವರನ ತಾಯಿ ರಾಗ ಎಳೆದಳು.

ತಂದೆ ನಕ್ಕ. "ಸೆಕೆಂಡ್ ಹ್ಯಾಂಡ್ ಮಾಲು ಅಂತ ನಮಗೂ ಗೊತ್ತೈತ್ರಿ ಅಕ್ಕಾರ. ನಾವೂ ಹೆಚ್ಚಿಂದೇನ ಕೇಳಂಗಿಲ್ಲ. ನೀವು ಹೂಂ ಅಂದ್ರ ಸಾಕು."

ಎಲ್ಲರೂ ನಕ್ಕರು. ವರ ಮಾತ್ರ ತಲೆ ತಗ್ಗಿಸಿದ. ಅವನ ಮೊದಲ ಹೆಂಡತಿಯೂ ತೀರಿಕೊಂಡಿದ್ದಳು. ಅವನಿಗೆ ಯಾರಾದರೂ ಆ ಮಾತು ಅಂದರೇ? ಯಾರೂ ಅನ್ನಲಿಲ್ಲ.

ಬಾಗಿಲ ಮರೆಯಲ್ಲಿ ತಟ್ಟೆ ಹಿಡಿದು ನಿಂತಿದ್ದ ಮಗಳಿಗೆ ಎಲ್ಲವೂ ಕೇಳಿಸಿತು. ಬಂದವರು ಅಂದಿದ್ದರೆ ನುಂಗಿಕೊಳ್ಳುತ್ತಿದ್ದಳು. ಅಂದವನು ಅಪ್ಪ. ಅವಳು ಹೊರಗೆ ಬಂದು ಎಲ್ಲರಿಗೂ ಅವಲಕ್ಕಿ ಕೊಟ್ಟಳು, ಅಪ್ಪನಿಗೂ ಕೊಟ್ಟಳು.

"ಈ ಸಂಬಂಧ ಮನಸಿಗೆ ಬಂತೇನವಾ?" ಎಂದು ತಾಯಿ ಆಮೇಲೆ ಕೇಳಿದಾಗ "ಹೂಂ ಬೇ" ಎಂದಳು. ಆ ಮನೆಗೆ ಹೋಗಬೇಕು, ಈ ಮನೆಗೆ ಮಾತ್ರ ಮತ್ತೆ ಕಾಲಿಡಬಾರದು ಎಂದು ಅಷ್ಟರಲ್ಲಿ ನಿರ್ಧರಿಸಿಯಾಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಮದುವೆಯಾಗಿ ಅವಳು ಆ ಮನೆ ಸೇರಿದಳು. ಈಗ ನಾಗರಪಂಚಮಿ ಬಂದಾಗಲೆಲ್ಲ ತಂದೆ ಅವಳನ್ನು ಹಬ್ಬಕ್ಕೆ ತವರಿಗೆ ಕರೆಯಲು ಹೋಗುತ್ತಾನೆ. "ಅತ್ತೀಗೆ ಆರಾಮಿಲ್ಲಪ್ಪಾ, ಮುಂದಿನ ವರ್ಷ ನೋಡೂಣು" ಎನ್ನುತ್ತಾಳೆ. ತಂದ ಹಬ್ಬದ ಉಂಡಿಯ ಡಬ್ಬಿ ಅಲ್ಲೇ ಇಟ್ಟು ಅವನು ಒಬ್ಬನೇ ಹಿಂದಿರುಗುತ್ತಾನೆ. ಮಗಳು ಯಾಕೆ ಬರುವುದಿಲ್ಲವೋ ತಿಳಿಯದು. ಆ ಮಾತು ಅವನಿಗೆ ನೆನಪೇ ಇಲ್ಲ.

ತಾಯಂದಿರೇ, ಅಣ್ಣಂದಿರೇ, ಗಾಡಿಗೆ ಸೆಕೆಂಡ್ ಹ್ಯಾಂಡ್ ಅನ್ನಿ, ಸೈಕಲ್ಲಿಗೆ ಅನ್ನಿ, ಮಕ್ಕಳ ಪುಸ್ತಕಕ್ಕೆ ಅನ್ನಿ. ತಪ್ಪಿಲ್ಲ. ಕೈಯಿಂದ ಕೈಗೆ ಹೋಗುವುದು ವಸ್ತು. ಹೆಣ್ಣು ಯಾರ ಕೈಯ ವಸ್ತು? ನಿಮ್ಮ ಮನೆಯಲ್ಲೂ ಇಂಥ ಮಗಳಿರಬಹುದು. ಅವಳನ್ನು ಕೇಳಿಕೊಂಡು ಬಂದವರ ಮುಂದೆ ಅವಳ ಹೆಸರು ಹೇಳಿ, ಅವಳ ಗುಣ ಹೇಳಿ. ತಮಾಷೆಗೂ ಅವಳನ್ನು ಇಳಿಸಬೇಡಿ. ಈಗಾಗಲೇ ಅಂದುಬಿಟ್ಟಿದ್ದೀರಾ? ಹಾಗಾದರೆ ಇವತ್ತೇ ಹೋಗಿ ಅವಳೆದುರು ಕೂತು, ತಪ್ಪಾಯಿತು ಅನ್ನಿ. ಅವಳು ಮಾತಾಡದಿದ್ದರೂ ಎದ್ದು ಬರಬೇಡಿ.