ಜಯಮ್ಮ ಬರೆದಿಟ್ಟ ಪುಟಗಳು

ಲೈಟ್ ಬಂದ್ ಮಾಡಬ್ಯಾಡ್ರಿ ಇನ್ನ... ಕೇಳ್ರಿ. ಇದು ನಮ್ಮ ಚಿಗವ್ವನ ಮಗ ಹೇಮಂತಗ ಆದದ್ದು. ಅವನ ಮ್ಯಾಲ ನನಗ ಮರುಕ ಏನೂ ಇಲ್ಲ, ಮೊದಲೇ ಹೇಳ್ತೀನಿ.

ಅವತ್ತ ರಾತ್ರಿ ಹನ್ನೊಂದೂವರಿ. ಮಣಿಕೊಂಡದಾಗ ಆಫೀಸಿನಿಂದ ನಡಕೋತ ಮನಿಗಿ ಹೊಂಟಿದ್ದ. ಎರಡು ಅಪಾರ್ಟ್‌ಮೆಂಟ್ ನಡುವ ಒಂದು ಹಾಳು ಬಾವಿ ಐತಿ, ಮ್ಯಾಲ ಕಬ್ಬಿಣದ ಜಾಲರಿ. ಅದರ ಹತ್ರ ಬಂದಾಗ... ಟಕ್. ಟಕ್ ಟಕ್. ಕೀಬೋರ್ಡ್ ಬಡದಂಗ. ನೀರು ತೊಟ್ಟಿಕ್ಕಾಕತ್ತೈತಿ ಅಂದುಕೊಂಡ. ಜಂಬದಾಗ ಸೀಟಿ ಹೊಡಕೋತ ಮುಂದ ನಡದ.

ಜಂಬ ಯಾಕಂದ್ರ, ಅವತ್ತ ಶಾಬಾಸಗಿರಿ ಸಿಕ್ಕಿತ್ತು. ಅವರ ಆಫೀಸಿನಾಗ ಕೋಡ್ ಬರಿಯೋರು ಕೇಳಿದ್ದಕ್ಕ ಉತ್ತರ ಹೇಳೋ ಸಾಫ್ಟ್‌ವೇರ್ ಐತಿ. ಅದು ನೋಡಿ ಉತ್ತರ ಹೇಳಲಿ ಅಂತ ಕಂಪನಿಯ ಖಾಸಗಿ ದಾಖಲೆಗಳನ್ನ ಅದಕ್ಕ ಜೋಡಿಸೋದು, ಬ್ಯಾಡಾದವು ತಗಿಯೋದು ಇವನ ಕೆಲಸ. ಆ ದಾಖಲೆ ಬರದಾಕಿ ಜಯಮ್ಮ ಅಂತ. ಒಂಬತ್ತು ವರ್ಷ ಕುಂತು ಬರದಿದ್ಲು. ಜಡ್ಡಾಗಿ ತೀರಿಕೊಂಡು ತಿಂಗಳಾಗಿರಲಿಲ್ಲ. ಈ ನಾಲಾಯಕ ಏನ ಮಾಡ್ದ? ಎಲ್ಲಾ ಪುಟದಾಗೂ ಆಕಿ ಹೆಸರು ಅಳಿಸಿ ತನ್ನ ಹೆಸರು ಹಾಕ್ಕೊಂಡ. ಸತ್ತಾಕಿ ಕೇಳಾಕ ಬರ್ತಾಳೇನು ಅಂತ!

ಮನ್ಯಾಗ ಲ್ಯಾಪ್‌ಟಾಪ್ ತಗದು ಆ ಸಾಫ್ಟ್‌ವೇರಿಗಿ ಒಂದು ಪ್ರಶ್ನೆ ಕೇಳ್ದ. ಉತ್ತರ ಬಂತು. ಅದರ ಕೆಳಗ... ‘ಆಧಾರ: ಜಯಮ್ಮ.’

ಆ ದಾಖಲೆಗಳ ಜೋಡಣೀನ ಕಿತ್ತು ಹಾಕ್ದ. ಮತ್ತ ಕೇಳ್ದ. ಮತ್ತ ಅದೇ ಹೆಸರು. ಪಟ್ ಅಂತ ಲ್ಯಾಪ್‌ಟಾಪ್ ಮುಚ್ಚಿದ. ಮುಚ್ಚಿದ್ದರ ಒಳಗ... ಟಕ್. ಟಕ್ ಟಕ್.

ಹೆಂಡತಿ ಸೌಂದರ್ಯಾನ್ನ ಎಬ್ಬಿಸಿದ. “ಏಳ... ಏನರೆ ಕೇಳಸಾಕತ್ತೈತೇನ?”

“ಹೂಂ,” ಆಕಿ ಪಿಸುಗುಟ್ಟಿದ್ಲು. “ಯಾರದು?”

“ಜಯಮ್ಮ... ಆಕಿ ಹೆಸರು ಅಳಸೀನಿ.”

“ಥೂ! ಏನ್ ಮನುಷ್ಯಾರೀ ನೀವು. ಮೊದಲ ವಾಪಸ್ ಹಾಕ್ರಿ.”

ಕಿತ್ತಿದ್ದನ್ನ ಮತ್ತ ಜೋಡಿಸಿದ. ಮುನ್ನೂರ ಹನ್ನೆರಡು ಪುಟಕ್ಕೂ ಆಕಿ ಹೆಸರು ಹಾಕಿದ. ಮರ್ಯಾದಿಗಲ್ಲ, ಅಂಜಿಕಿಗಿ. ನಸುಕಿನ್ಯಾಗ ಕಡೀ ಪುಟ ಮುಗದಾಗ ಸಪ್ಪಳ ನಿಂತಿತು. ಸೋಮವಾರ ಮೀಟಿಂಗ್‌ನಾಗ ಎಲ್ಲಾರ ಮುಂದ ಒಪ್ಪಿಕೊಂಡ. ಇದ್ದ ಚೂರು ಮಾನಾನೂ ಹೋತು. ಹೋಗಲಿ, ಯಾರಿಗೇನು.

ಆದ್ರ... ಅವತ್ತಿಂದ ಆ ದಾಖಲೆಗಳ ಪಟ್ಟಿಯಾಗ ಹೊಸಾದೊಂದು ಐತಿ. ಯಾರೂ ಜೋಡಿಸಿಲ್ಲ. ತಗಿಯಾಕ ಹೋದ್ರ ಹೋಗಂಗಿಲ್ಲ. ಹೆಸರು, ‘ಹೇಮಂತನ ಮನಿ’. ಒಳಗ ಒಂದೇ ಪುಟ. ಅವನೇ ತೋರಿಸಿದ, ಈ ಕಣ್ಣಿಲೆ ಓದೀನಿ, ಆಣಿ ಮಾಡಿ ಹೇಳ್ತೀನಿ.

ಅದರಾಗ ಹಿಂಗ ಬರದೈತಿ: ಅಡಗಿಮನಿ ನಳ ಸೋರ್ತೈತಿ. ಬಚ್ಚಲ ಬಾಗಲಕ್ಕ ಚಿಲಕ ಬೀಳಂಗಿಲ್ಲ. ಸೌಂದರ್ಯಾ ಗ್ವಾಡಿ ಕಡಿ ಮಲಗ್ತಾಳ.

ಎಲ್ಲಾ ಖರೇನ. ಜಯಮ್ಮ ಬದುಕಿದ್ದಾಗ ಅವರ ಮನಿಗಿ ಒಮ್ಮೆನೂ ಬಂದಿದ್ದಿಲ್ಲ.