ಗದ್ದಲದ ಮನೆಯ ಕೂಸು

ಅಧ್ಯಕ್ಷರ ಕುರ್ಚಿಯಲ್ಲಿರುವ ಡಾಕ್ಟರಮ್ಮನವರೇ, ಮಕ್ಕಳಿಗೆ ಮಾತು ಕಲಿಸುವ ಶಿಕ್ಷಕಿಯರೇ, ಮುಂದಿನ ಸಾಲಿನ ತಾಯಂದಿರೇ, ಬೇಗ ಹೊರಡಲೆಂದು ಬಾಗಿಲ ಬಳಿಯೇ ಕುಳಿತಿರುವ ಸಭಿಕರೇ,

ಕಿವಿ ಮಂದವಿರುವ ಮಕ್ಕಳ ಈ ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನೇಕೆ ಕರೆದರು? ನಾನು ಮಗ್ಗದ ಕಾರ್ಖಾನೆಯ ಮೇಸ್ತ್ರಿ. ಮೈಕು ಕೈಕೊಟ್ಟರೂ ನನ್ನ ದನಿ ಬೀದಿಯಾಚೆ ಕೇಳುತ್ತದೆ. ಅದೇ ನನ್ನ ಅರ್ಹತೆ ಇರಬೇಕು.

ನಮ್ಮ ಮನೆ ಕಾರ್ಖಾನೆಯ ಮೇಲಿನ ಮಹಡಿ. ಕೆಳಗೆ ಮಗ್ಗ ಓಡಿದರೆ ಮೇಲೆ ಲೋಟಗಳು ತಾವೇ ಕುಣಿಯುತ್ತವೆ. ಅಲ್ಲಿ ಬಾಯಿಂದ ಮಾತಾಡಿ ಏನು ಪ್ರಯೋಜನ? ಆದ್ದರಿಂದ ನಮ್ಮಲ್ಲಿ ಎಲ್ಲವೂ ಕೈಮಾತು. ನೂಲು ಕಡಿದರೆ ಎರಡು ಬೆರಳು, ಊಟಕ್ಕೆ ಐದು ಬೆರಳು, ಯಜಮಾನರು ಬಂದರೆ ಮೀಸೆ ತಿರುವುವುದು. ಯಜಮಾನರು ಇಲ್ಲೇ ಇದ್ದಾರೆ, ಕ್ಷಮಿಸಬೇಕು.

ಇಂಥ ಮನೆಯಲ್ಲಿ ಮೊಮ್ಮಗಳು ಹುಟ್ಟಿದಳು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸಿ ಸರಿಯಿದೆ ಎಂದರು. ನಡೆಯುವುದು ತುಸು ತಡವಾಯಿತು. ಆದರೆ ಬುದ್ಧಿ? ಎರಡು ವರ್ಷಕ್ಕೆ ಕಾರ್ಖಾನೆಯ ಕೈಮಾತೆಲ್ಲ ಕರಗತ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇನ್ನು ತಾತನನ್ನು ಕೇಳಬೇಕೇ? ಊರೆಲ್ಲ ಹೊಗಳಿಕೊಂಡು ತಿರುಗಿದೆ. ಹೇಳಿದ್ದನ್ನೆಲ್ಲ ಮಾಡುವ ಮಗುವಿಗೆ ಕಿವಿ ಕೇಳಿಸುತ್ತಿಲ್ಲವೆಂದು ಯಾರಿಗೆ ಹೊಳೆದೀತು?

ಹೊಳೆದದ್ದು ಸೊಸೆಗೆ. ಮಗ್ಗಕ್ಕೆ ರಜೆಯಿದ್ದ ದಿನ ಅವಳ ಕೈಯಿಂದ ದೊಡ್ಡ ಪಾತ್ರೆ ಜಾರಿತು. ಎಲ್ಲರೂ ಬೆಚ್ಚಿದರು. ಮಗು ಬೆನ್ನು ತಿರುಗಿಸಿಕೊಂಡು ಆಡುತ್ತಲೇ ಇತ್ತು.

"ಮಾವ, ಇವಳಿಗೆ ಕೇಳಿಸ್ತಿಲ್ಲ."

"ನಮ್ಮನೇಲಿ ಯಾರಿಗಮ್ಮ ಕೇಳಿಸುತ್ತೆ?" ಎಂದೆ.

ಆಮೇಲೆ ಇದೇ ಡಾಕ್ಟರಮ್ಮನವರು ಮಗುವನ್ನು ಪರೀಕ್ಷಿಸಿ ಬಿಡಿಸಿ ಹೇಳಿದರು. ಬಸುರಿಯಾಗಿದ್ದಾಗ ಸೊಸೆಗೆ ಬಂದ ಸಣ್ಣ ಜ್ವರ ಒಂದು ವೈರಸ್ಸಿನದು. ದೊಡ್ಡವರಿಗೆ ಅದು ನೆಗಡಿಯಷ್ಟೇ. ಹೊಟ್ಟೆಯೊಳಗಿನ ಕೂಸಿಗೆ ತಗುಲಿದರೆ, ಹುಟ್ಟಿದಾಗ ಸರಿಯಿದ್ದ ಕಿವಿಯೂ ಬರಬರುತ್ತಾ ಮಂದವಾಗಬಹುದು. "ಇದು ಯಾರ ತಪ್ಪೂ ಅಲ್ಲ" ಎಂದರು. ಸೊಸೆ ತಣ್ಣೀರಲ್ಲಿ ಬಟ್ಟೆ ಒಗೆದದ್ದೇ ಕಾರಣವೆಂದು ನನ್ನ ಹೆಂಡತಿ ಅಷ್ಟರಲ್ಲಾಗಲೇ ತೀರ್ಪು ಕೊಟ್ಟಾಗಿತ್ತು. ಡಾಕ್ಟರಮ್ಮ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು, ಈ ಸಲ ನನ್ನ ಹೆಂಡತಿಯ ಕಡೆ ತಿರುಗಿ.

ಈಗ ಮಗುವಿನ ಕಿವಿಗೆ ಯಂತ್ರ ಬಂದಿದೆ. "ಆದರೆ ಈ ಗದ್ದಲದಲ್ಲಿ ಮಾತು ಬರಲ್ಲ, ಮನೆ ಬದಲಾಯಿಸಿ" ಎಂದರು ಈ ಶಾಲೆಯ ಶಿಕ್ಷಕಿ. ಸೊಸೆ ನಾಲ್ಕು ಬೀದಿ ಆಚೆ ಮನೆ ನೋಡಿದಳು. ನಾನು ಸಂತೋಷದಿಂದ ಒಪ್ಪಿದೆ. ಒಂದು ತಿಂಗಳು ಅವಳೊಡನೆ ಮಾತು ಬಿಟ್ಟಿದ್ದು ಬೇರೆ ವಿಷಯ. ಮೇಸ್ತ್ರಿಯಾದವನು ಕಾರ್ಖಾನೆಯ ಮಹಡಿ ಬಿಡುವಂತಿಲ್ಲ; ಮೊಮ್ಮಗಳಿಲ್ಲದ ಮನೆಯಲ್ಲಿ ನಾನೇನು ಮಾಡಲಿ? ಆದರೂ ಒಪ್ಪಿದೆ. ನಾಳೆ ಸಾಮಾನು ಸಾಗುತ್ತದೆ.

ನಿನ್ನೆ ಸಂಜೆ, ಮಗ್ಗಗಳು ನಿಂತ ಮೇಲೆ, ಮೊಮ್ಮಗಳು ನನ್ನೆದುರು ಬಂದಳು. ತುಟಿ ಆಡಿತು, ಕೈ ಆಡಲಿಲ್ಲ.

"ಕೈಯಲ್ಲಿ ಹೇಳು ಪುಟ್ಟಿ" ಎಂದೆ.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮತ್ತೆ ಬಾಯಿಂದಲೇ ಹೇಳಿದಳು. ಕೊನೆಗೆ ಸೊಸೆ ನನ್ನ ಕಿವಿಯ ಹತ್ತಿರ ಬಂದು ಕೂಗಿದಳು.

"'ತಾತಾ, ನೀನೂ ಬಾ' ಅಂತಿದಾಳೆ ಮಾವ."

ಅವಳಾಡಿದ ಮೊದಲ ಪೂರ್ತಿ ಮಾತು. ಮನೆಯವರೆಲ್ಲ ಕೇಳಿಸಿಕೊಂಡರು, ಕರೆಸಿಕೊಂಡವನೊಬ್ಬನನ್ನು ಬಿಟ್ಟು.

ಆದ್ದರಿಂದ ಡಾಕ್ಟರಮ್ಮನವರೇ, ಸಭೆ ಮುಗಿದೊಡನೆ ಹೊರಟುಬಿಡಬೇಡಿ, ನನ್ನ ಕಿವಿಯನ್ನೂ ಒಮ್ಮೆ ನೋಡಿ. ಯಜಮಾನರೇ, ಬೇರೆ ಮೇಸ್ತ್ರಿಯನ್ನು ಹುಡುಕಿಕೊಳ್ಳಿ. ನಾಳೆಯ ಸಾಮಾನಿನಲ್ಲಿ ನನ್ನ ಹಾಸಿಗೆಯೂ ಇದೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಚಪ್ಪಾಳೆಯನ್ನು ಸ್ವಲ್ಪ ಗಟ್ಟಿಯಾಗಿ ತಟ್ಟಿ. ನಮಸ್ಕಾರ.