ತಲೆಯೊಳಗಿನ ಸಮೀಕರಣ
ಭಾಂಡುಪಿನ ಸ್ಕ್ಯಾನ್ ಸೆಂಟರಿನಲ್ಲಿ ಮಂಡಿನೋವಿಗೆ ಸರದಿ ಕಾಯುತ್ತಿದ್ದ ರಮಾಮಣಿಯವರ ಕಿವಿ, ಸುತ್ತಲಿನ ಮರಾಠಿ ಮಾತಿನ ನಡುವೆ ಪಕ್ಕದ ಬೆಂಚಿನಲ್ಲಿ ವಿಜಯಪುರದ ಕನ್ನಡ ಕೇಳಿ ತಾನಾಗಿ ಆ ಕಡೆ ವಾಲಿತು. ಮಾತಾಡುತ್ತಿದ್ದವರು ತಲೆಸುತ್ತಿ ಬಿದ್ದು ತಲೆಯ ಸ್ಕ್ಯಾನಿಗೆ ಬಂದಿದ್ದ ಅಪ್ಪ, ಕಾಲೇಜಿನಲ್ಲಿ ಗಣಿತ ಕಲಿಸುವ ಮಗಳು.

“ಆ ನಿನ್ನ ಲೀನಿಯರ್ ಆಲ್ಜೀಬ್ರಾ ತಗೊಂಡು ಏನ ಮಾಡೂದೈತಿ?”

“ಈ ಸ್ಕ್ಯಾನ್ ಮಾಡೂದ ಅದು.”

“ಫೋಟೋ ತಗಿಯಾಕ ಲೆಕ್ಕ ಯಾಕ ಬೇಕ?”

“ಫೋಟೋ ಅಲ್ಲರಿ. ಸುತ್ತಲಿಂದ ಕಿರಣ ತಲಿ ದಾಟಿ ಹೋಗತಾವ. ಒಂದೊಂದು ದಾರ್ಯಾಗ ಕಿರಣದ ಬಲ ಒಟ್ಟು ಎಷ್ಟು ಕುಂದಿತು ಅನ್ನೂದಷ್ಟ ಸಿಗತೈತಿ, ಎಲ್ಲಿ ಕುಂದಿತು ಅನ್ನೂದು ಸಿಗೂದಿಲ್ಲ. ಒಂದೊಂದು ದಾರಿಗೂ ಒಂದು ಸಮೀಕರಣ. ಅಂಥಾ ಲಕ್ಷಗಟ್ಟಲೆ ಸಮೀಕರಣ ಕೂಡಿಸಿ ಬಿಡಿಸಿದರ, ಒಳಗ ಎಲ್ಲಿ ಏನೈತಿ ಅಂತ ತಿಳೀತೈತಿ.”

“ನನ್ನ ತಲಿಯೊಳಗ ಏನೈತಿ ಅಂತ ನನಗ ಗೊತ್ತಿಲ್ಲೇನು?”

“ಏನೂ ಇಲ್ಲ ಅಂತಾಳ ಅವ್ವ. ನೋಡೂಣು.”

“ಹುಚ್ಚರ ವಿದ್ಯಾ.”

“ನೀಲಕಂಠಪ್ಪ” ಎಂದು ನರ್ಸ್ ಕೂಗಿದಳು. ಅಪ್ಪ ಕನ್ನಡಕ ತೆಗೆದು ಮಗಳ ಕೈಗಿಟ್ಟರು. ದನಿ ಇಳಿದಿತ್ತು.

“ನೇತ್ರಾ, ಆ ಲೆಕ್ಕ ತಪ್ಪೂದಿಲ್ಲಲಾ?”

“ಅದು ತಪ್ಪೂದಿಲ್ಲ. ನೀವು ಅಲಗಾಡಿದರ, ಮಾತಾಡಿದರ ಕೆಡತೈತಿ. ಜೀವಮಾನದಾಗ ಒಮ್ಮೆ ಸುಮ್ನ ಮಲಕೋರಿ.”

ಸ್ಕ್ಯಾನ್ ಕೋಣೆ ಇನ್ನೂ ಹತ್ತು ಹೆಜ್ಜೆ ದೂರವಿತ್ತು. ನೀಲಕಂಠಪ್ಪ ಆಗಲೇ ಬಾಯಿ ಬಿಗಿದುಕೊಂಡು, ತುಂಬಿದ ಕೊಡ ಹೊತ್ತವರ ಹಾಗೆ ತಲೆ ಅಲುಗಿಸದೆ ನಡೆದರು.